ಸೆಪ್ಟೆಂಬರ್‌ನಲ್ಲಿ ಮೊದಲ ಎಲ್ಕ್ ಬೇಟೆ, ಅದೂ ಬಿಲ್ಲಿನಲ್ಲಿ. ತಯಾರಿ ಹೇಗೆ?

ಹೊಸಬಿಲ್ಲು

ಎಲ್ಲರಿಗೂ ನಮಸ್ಕಾರ. ಕೊಲೊರಾಡೊದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿದ್ದೇನೆ. ಟೆಕ್ಸಾಸ್‌ನಿಂದ ಇಲ್ಲಿಗೆ ಬಂದು ಒಂದು ವರ್ಷ ದಾಟಿದೆ. ಎಚ್-1ಬಿ ವೀಸಾ. ಈ ಸೆಪ್ಟೆಂಬರ್‌ನಲ್ಲಿ ಬಿಲ್ಲು ಹಿಡಿದು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋಗಬೇಕು ಅಂತ ಆಸೆ.

60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು (ರಾಟೆ ಇರುವ ಬಿಲ್ಲು) ತಗೊಂಡಿದ್ದೇನೆ. ಇನ್‌ಡೋರ್ ರೇಂಜಿನಲ್ಲಿ 20 ಗಜಕ್ಕೆ ಬಾಣಗಳು ಒಂದರ ಪಕ್ಕ ಒಂದು ಬೀಳುತ್ತಿವೆ. ಡಲ್ಲಾಸ್‌ನಿಂದ ಗೆಳೆಯನೂ ಬರುತ್ತಾನೆ. ಅವನಿಗೂ ಇದು ಹೊಸದು.

ವೀಸಾದವರು ಬೇಟೆಯಾಡಬಹುದಾ? ಬಾಣದ ತೂಕ ಎಷ್ಟಿರಬೇಕು? ಯಾವ ಬ್ರಾಡ್‌ಹೆಡ್ (ಬಾಣದ ತುದಿಯ ಅಲಗು) ಒಳ್ಳೆಯದು? ಒಳ್ಳೆ ಜಾಗ ಯಾವುದು? ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕಿಗ್ಗಟ್ಟುನಾಡು

ಸ್ವಾಗತ. ನಿಮ್ಮ ಪ್ರಶ್ನೆಗಳಲ್ಲಿ ಬಾಣ ಇದೆ, ಅಲಗು ಇದೆ, ಜಾಗ ಇದೆ. ಪ್ರಾಣಿ ಬಿದ್ದ ಮೇಲೆ ಏನು ಅನ್ನುವ ಪ್ರಶ್ನೆಯೇ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಬಲಿತ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ. ಹೆಣ್ಣು 225ರ ಆಸುಪಾಸು. ಗಂಡಿನ ಮೂಳೆ ಬಿಡಿಸಿದ ಮೇಲೂ 80ರಿಂದ 100 ಕಿಲೋ ಮಾಂಸ ಉಳಿಯುತ್ತದೆ. ಒಬ್ಬ ಮನುಷ್ಯ ಬೆಟ್ಟದಲ್ಲಿ 25 ಕಿಲೋ ಹೊತ್ತರೆ ಅದು ನಾಲ್ಕು ಹೊರೆ. ಕಾರಿನಿಂದ 4 ಕಿಲೋಮೀಟರ್ ಒಳಗೆ ಹೊಡೆದಿರಿ ಅಂದುಕೊಳ್ಳಿ. ಹೊತ್ತು ಬರುವುದು ನಾಲ್ಕು ಸಲ, ಖಾಲಿ ವಾಪಸ್ ಹೋಗುವುದು ಮೂರು ಸಲ. ಒಟ್ಟು 28 ಕಿಲೋಮೀಟರ್. ಅದೂ ದಾರಿ ಇಲ್ಲದ ಕಡೆ, ಬಿದ್ದ ಮರಗಳನ್ನು ದಾಟಿಕೊಂಡು, 10,000 ಅಡಿ ಎತ್ತರದಲ್ಲಿ.

ಇಬ್ಬರಿದ್ದರೆ? ಒಬ್ಬೊಬ್ಬರಿಗೆ ಎರಡೇ ಹೊರೆ, ತಲಾ 12 ಕಿಲೋಮೀಟರ್. ಅಷ್ಟೇ.

ಹಾಗಾಗಿ ಮೊದಲು ಮ್ಯಾಪಿನಲ್ಲಿ ಒಂದು ಗೆರೆ ಎಳೆಯಿರಿ. ಅದರಾಚೆ ಎಂಥ ಕೊಂಬಿನ ಗಂಡು ನಿಂತಿದ್ದರೂ ಬಾಣ ಬಿಡುವುದಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಬೆಟ್ಟದಲ್ಲಿ ಗಂಡು ಕೂಗಿದ ಮೇಲೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ಉಳಿದ ತಯಾರಿಯೆಲ್ಲ ಆ ಗೆರೆ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ಹೊಸಬಿಲ್ಲು

28 ಕಿಲೋಮೀಟರ್ ಓದಿ ಕುರ್ಚಿ ಮೇಲೆ ಸರಿಯಾಗಿ ಕೂತೆ ಸರ್. ವೀಸಾ ವಿಷಯ?

ಕಿಗ್ಗಟ್ಟುನಾಡು

ತೊಂದರೆ ಇಲ್ಲ. ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲಿ ನಿರ್ಬಂಧ ಇದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲೂ ವಿನಾಯಿತಿ ಇದೆ. ಬಿಲ್ಲಂತೂ ಆ ಕಾನೂನಿನ ಲೆಕ್ಕದಲ್ಲಿ ಬಂದೂಕೇ ಅಲ್ಲ. ಕೊಲೊರಾಡೊದಲ್ಲಿ ಸತತ 6 ತಿಂಗಳು ವಾಸವಿದ್ದರೆ ನೀವು ಇಲ್ಲಿನ ನಿವಾಸಿ. ಬಹುಪಾಲು ಯೂನಿಟ್‌ಗಳಿಗೆ (ರಾಜ್ಯ ಗುರುತಿಸಿದ ಬೇಟೆ ಪ್ರದೇಶಗಳಿಗೆ) ಬಿಲ್ಲಿನ ಎಲ್ಕ್ ಲೈಸೆನ್ಸ್ ನಿಮಗೆ ನೇರವಾಗಿ ಕೌಂಟರಿನಲ್ಲೇ ಸಿಗುತ್ತದೆ.

ಹಂಟರ್ ಎಜುಕೇಶನ್ ಕೋರ್ಸ್ ಮಾತ್ರ ಮುಗಿಸಲೇಬೇಕು. 1949 ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಅದು ಕಡ್ಡಾಯ. ಆ ಕಾರ್ಡ್ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ. ಆಗಸ್ಟ್‌ವರೆಗೆ ಕಾಯಬೇಡಿ. ಈಗಲೇ ಮುಗಿಸಿ.

ತೊಂದರೆ ಇರುವುದು ನಿಮ್ಮ ಗೆಳೆಯನಿಗೆ. 2025ರಿಂದ ಹೊರರಾಜ್ಯದವರಿಗೆ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಬಿಲ್ಲಿನ ಎಲ್ಕ್ ಲೈಸೆನ್ಸ್ ಕೌಂಟರಿನಲ್ಲಿ ಸಿಗುವುದಿಲ್ಲ. ಡ್ರಾದಲ್ಲಿ, ಅಂದರೆ ಲಾಟರಿಯಲ್ಲಿ ಬರಬೇಕು. ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಮುಗಿದಿದೆ. ಬೆಟ್ಟ ಇರುವುದೆಲ್ಲ ಪಶ್ಚಿಮಕ್ಕೇ ಅಲ್ವಾ?

ತೀರ್ಥಹಳ್ಳಿ_ಟು_ಟೆಕ್ಸಾಸ್

ಆ ಗೆಳೆಯ ನಾನೇ. ಹೊಸ ಬಿಲ್ಲಿಗೆ ದುಡ್ಡು ಕೊಟ್ಟು ಆಗಿದೆ. ಈಗ ಹೇಳುತ್ತೀರಿ.

ಕಿಗ್ಗಟ್ಟುನಾಡು

ಸೆಕೆಂಡರಿ ಡ್ರಾ ಇದೆ, ಜೂನ್ ಕೊನೆಯವರೆಗೆ ಅರ್ಜಿ ಹಾಕಬಹುದು. ಮಿಕ್ಕಿದ ಲೈಸೆನ್ಸ್‌ಗಳು ಆಗಸ್ಟ್‌ನಲ್ಲಿ ಮಾರಾಟಕ್ಕೆ ಬರುತ್ತವೆ. ಪ್ರಯತ್ನ ಮಾಡಿ. ಸಿಗದಿದ್ದರೆ ಬಿಲ್ಲು ಡಲ್ಲಾಸ್‌ನಲ್ಲಿ ಬಿಟ್ಟು ಒಳ್ಳೆ ಹೊರೆ ಚೀಲ ತಗೊಂಡು ಬನ್ನಿ. ಮೇಲಿನ ಲೆಕ್ಕದಲ್ಲಿ 28ನ್ನು 12 ಮಾಡುವ ಮನುಷ್ಯ ನೀವೇ. ಎರಡನೇ ಬಿಲ್ಲಿಗಿಂತ ಎರಡನೇ ಬೆನ್ನಿಗೆ ಬೆಲೆ ಜಾಸ್ತಿ.

ಒಂದು ಎಚ್ಚರಿಕೆ. ಹೊರುವುದು, ಅಡುಗೆ ಮಾಡುವುದು ಸರಿ. ಲೈಸೆನ್ಸ್ ಇಲ್ಲದೆ ಪ್ರಾಣಿಯನ್ನು ಕೂಗಿ ಕರೆಯುವುದು, ಅಟ್ಟುವುದು ಇಂಥವಕ್ಕೆ ಕೈ ಹಾಕುವ ಮುಂಚೆ ಕೊಲೊರಾಡೊ ಪಾರ್ಕ್ಸ್ ಆಂಡ್ ವೈಲ್ಡ್‌ಲೈಫ್‌ಗೆ ಫೋನ್ ಮಾಡಿ ಕೇಳಿ. ಅಲ್ಲಿನ ಜನ ಸಮಾಧಾನವಾಗಿ ಉತ್ತರ ಕೊಡುತ್ತಾರೆ.

ಬಿಲ್ಲಂಗಡಿ

ಬಿಲ್ಲು ರಿಪೇರಿ ಮಾಡುವುದು ನನ್ನ ಕೆಲಸ. ಬಾಣದ ಪ್ರಶ್ನೆ ನನಗೆ ಬಿಡಿ.

ಕೊಲೊರಾಡೊ ನಿಯಮದ ಪ್ರಕಾರ ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್ ಇರಬೇಕು. ಬ್ರಾಡ್‌ಹೆಡ್ ಅಗಲ ಕನಿಷ್ಠ 7/8 ಇಂಚು, ಉಕ್ಕಿನ ಅಲಗು ಕನಿಷ್ಠ ಎರಡು. ನಿಮ್ಮ 60 ಪೌಂಡ್ ಧಾರಾಳ ಸಾಕು. 450 ಗ್ರೇನ್ (ಸುಮಾರು 29 ಗ್ರಾಂ) ಆಸುಪಾಸಿನ ಬಾಣ, ಬಿಚ್ಚಿಕೊಳ್ಳದ ಗಟ್ಟಿ ಬ್ರಾಡ್‌ಹೆಡ್, ಕೂದಲು ಬೋಳಿಸುವಷ್ಟು ಹರಿತ. ಇಷ್ಟಕ್ಕೆ ಚರ್ಚೆ ನಿಲ್ಲಿಸಿ. ಮಿಕ್ಕಿದ ಜಗಳ ಚಳಿಗಾಲಕ್ಕೆ ಇಟ್ಟುಕೊಳ್ಳೋಣ.

ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕೂತು, ಎರಡೂ ಕಾಲು ನೆಲದಿಂದ ಸ್ವಲ್ಪ ಎತ್ತಿ, ಬಿಲ್ಲನ್ನು ಗುರಿಯ ನೇರಕ್ಕೇ ಇಟ್ಟುಕೊಂಡು ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ ಎಳೆಯಲು ಆಗದಿದ್ದರೆ ತೂಕ ಜಾಸ್ತಿಯಾಯಿತು. 5 ಪೌಂಡ್ ಇಳಿಸಿ. ಬೆಳಿಗ್ಗೆ ಚಳಿಗೆ ಮೈ ಗಟ್ಟಿಯಾಗಿರುತ್ತದೆ. ಆಗ ಎದುರಿಗೆ ನಿಂತ ಪ್ರಾಣಿಗೆ ನಿಮ್ಮ ಕೈ ಮೇಲೆದ್ದದ್ದು ಮೊದಲು ಕಾಣುತ್ತದೆ.

ಇನ್‌ಡೋರ್ ರೇಂಜ್ ಸಾಕು ಮಾಡಿ. ಬಯಲಿಗೆ ಬನ್ನಿ. ಮಂಡಿಯೂರಿ ಹೊಡೆಯಿರಿ, ಬೆನ್ನಿಗೆ ಚೀಲ ಹಾಕಿಕೊಂಡು ಹೊಡೆಯಿರಿ, ಅವತ್ತು ಹಾಕುವ ಜಾಕೆಟ್ ಹಾಕಿಯೇ ಹೊಡೆಯಿರಿ. ತೋಳಿಗೆ ಹಗ್ಗ ತಾಗುತ್ತಾ ಅಂತ ಗೊತ್ತಾಗುವುದು ಆಗಲೇ. ಅಭ್ಯಾಸದ ಮೊನೆ ಬೀಳುವ ಕಡೆಯೇ ಬ್ರಾಡ್‌ಹೆಡ್ ಬೀಳುತ್ತದೆ ಅಂತ ನಂಬಬೇಡಿ. ಬಿಲ್ಲು ಸರಿಯಾಗಿ ಟ್ಯೂನ್ ಆಗಿರದಿದ್ದರೆ 40 ಗಜದಲ್ಲಿ ಅವೆರಡು ಬೇರೆ ಬೇರೆ ಕಡೆ ಹೋಗುತ್ತವೆ.

ಇನ್ನೊಂದು. ಆಫೀಸಿನಿಂದ ಬಂದ ತಕ್ಷಣ, ಮೈ ಬಿಸಿ ಮಾಡಿಕೊಳ್ಳದೆ, ಒಂದೇ ಒಂದು ಬಾಣ ಬಿಡಿ. ಅದು ಎಲ್ಲಿ ಬಿತ್ತು ಅಂತ ಬರೆದಿಡಿ. ಬಿಲ್ಲನ್ನು ಒಳಗಿಡಿ. ಬೇಟೆಯಲ್ಲಿ ಸಿಗುವುದು ಆ ಒಂದು ಬಾಣವೇ. ಇಪ್ಪತ್ತನೇ ಬಾಣ ಎಷ್ಟು ಚೆನ್ನಾಗಿ ಬಿತ್ತು ಅನ್ನುವುದನ್ನು ಎಲ್ಕ್ ಕೇಳುವುದಿಲ್ಲ.

ಹೊಸಬಿಲ್ಲು

ಇಳಿಜಾರಿನಲ್ಲಿ ಗುರಿ ಬದಲಾಗುತ್ತದೆ ಅಂತಾರಲ್ಲ?

ಬಿಲ್ಲಂಗಡಿ

ಹೌದು. ಬಾಣಕ್ಕೆ ಲೆಕ್ಕ ಅಡ್ಡ ದೂರ ಮಾತ್ರ. 30 ಡಿಗ್ರಿ ಇಳಿಜಾರಿನಲ್ಲಿ ಕಣ್ಣಿಗೆ 40 ಗಜ ಇದ್ದರೆ ಹೊಡೆಯಬೇಕಾದದ್ದು 35 ಗಜದ ಲೆಕ್ಕದಲ್ಲಿ. ಮೇಲಕ್ಕೆ ಹೊಡೆದರೂ ಅಷ್ಟೇ, ಕೆಳಕ್ಕೆ ಹೊಡೆದರೂ ಅಷ್ಟೇ. ದೂರ ಅಳೆದು ಕೋನವನ್ನೂ ಲೆಕ್ಕ ಹಾಕುವ ರೇಂಜ್‌ಫೈಂಡರ್ ತಗೊಳ್ಳಿ, ಅದೇ ಹೇಳುತ್ತದೆ. ನೀವು ಮಾತ್ರ ತೋಳು ಇಳಿಸಬೇಡಿ, ಸೊಂಟ ಬಗ್ಗಿಸಿ.

ಸಸ್ಯಾಹಾರಿ_ಆದ್ರೂ

ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ನಮ್ಮ ಕಡವೆ ಜಾತಿಯ ಪ್ರಾಣಿ ತಾನೆ ಇದು? ಊರಲ್ಲಾಗಿದ್ದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜೈಲು. ಇಲ್ಲಿ ಬಂದು ಇಷ್ಟು ಖುಷಿಯಿಂದ ತಯಾರಿ ಮಾಡುತ್ತೀರಲ್ಲ.

ಮೊಂಟಾನಾ_ಮಲ್ನಾಡ್

ನಿಮ್ಮ ಪ್ರಶ್ನೆ ತಪ್ಪಲ್ಲ. ಕಡವೆಗೂ ಎಲ್ಕ್‌ಗೂ ದೂರದ ನೆಂಟಸ್ತಿಕೆ ಇದೆ. ಆದರೆ ಇಲ್ಲಿನ ಕಥೆ ಬೇರೆ. 1900ರ ಆಸುಪಾಸಿನಲ್ಲಿ ಮಾರಾಟದ ಬೇಟೆಯಿಂದ ಕೊಲೊರಾಡೊದ ಎಲ್ಕ್ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1910ರ ದಶಕದಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ ಹಿಡಿದು ತಂದು ಬಿಟ್ಟರು. ಇವತ್ತು ಅಮೆರಿಕದ ಯಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್ ಇಲ್ಲಿವೆ, ಎರಡೂವರೆ ಲಕ್ಷಕ್ಕೂ ಹೆಚ್ಚು. ಹಿಂಡಿನ ಲೆಕ್ಕ ನೋಡಿಯೇ ಲೈಸೆನ್ಸ್ ಕೊಡುತ್ತಾರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕಿನ ಮೇಲೆ ತೆರಿಗೆ ಇದೆ. 1970ರ ದಶಕದಿಂದ ಬಿಲ್ಲು ಬಾಣದ ಮೇಲೂ ಇದೆ. ಆ ದುಡ್ಡು ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಕಾಡುಪ್ರಾಣಿಯ ಮಾಂಸ ಮಾರುವಂತಿಲ್ಲ, ಬಿಸಾಡುವಂತೆಯೂ ಇಲ್ಲ.

ಇಷ್ಟು ಹೇಳಿದ ಮೇಲೂ ನಿಮಗೆ ಬೇಡ ಅನ್ನಿಸಿದರೆ ಅದು ನಿಮ್ಮ ಮನಸ್ಸು. ನಮ್ಮ ಮನೆಯಲ್ಲೂ ಅರ್ಧ ಜನ ನಿಮ್ಮ ಪಕ್ಷ.

ಸಸ್ಯಾಹಾರಿ_ಆದ್ರೂ

ಒಪ್ಪಿಗೆ ಅಂತಲ್ಲ. ಆದರೂ ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಗಾಯ ಮಾಡಿ ಬಿಟ್ಟು ಬರಬೇಡಿ, ಅಷ್ಟೇ ಕೇಳುವುದು.

ಕಿಗ್ಗಟ್ಟುನಾಡು

ಅದೇ ಇಲ್ಲಿ ದೊಡ್ಡ ವಿಷಯ. ಆ ಮಾತಿಗೇ ಬರುತ್ತೇನೆ.

ಬಾಣ ಬಿಡಬೇಕಾದದ್ದು ಪ್ರಾಣಿ ಪೂರ್ತಿ ಅಡ್ಡ ನಿಂತಾಗ, ಅಥವಾ ಸ್ವಲ್ಪ ಆಚೆಗೆ ತಿರುಗಿ ನಿಂತಾಗ. ಎದುರಿಗೆ ಮುಖ ಮಾಡಿ ನಿಂತರೆ ಬೇಡ. ವಿಡಿಯೋದಲ್ಲಿ ಹೊಡೆಯುತ್ತಾರೆ, ನೋಡಿ ಮರೆತುಬಿಡಿ. ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಎರಡೂ ಶ್ವಾಸಕೋಶ ಸಿಗಬೇಕು. ಅದರ ತಲೆ ಮರದ ಹಿಂದೆ ಹೋದಾಗ ಮಾತ್ರ ಬಿಲ್ಲು ಎಳೆಯಿರಿ.

ಬಾಣ ತಾಗಿದ ಮೇಲೆ ಓಡಬೇಡಿ. ಕೂತುಕೊಳ್ಳಿ. ಅದು ನಿಂತಿದ್ದ ಜಾಗ, ಕಣ್ಮರೆಯಾದ ಜಾಗ ಎರಡನ್ನೂ ಒಂದೊಂದು ಮರದ ಗುರುತಿನಿಂದ ನೆನಪಿಡಿ. ಆಮೇಲೆ ಬಾಣ ಹುಡುಕಿ. ನೊರೆ ನೊರೆಯಾದ ತಿಳಿಗೆಂಪು ರಕ್ತ ಇದ್ದರೆ ಶ್ವಾಸಕೋಶ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ಹೊರಡಿ. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ನಾಲ್ಕು ಗಂಟೆಯಾದರೂ ಬಿಡಿ. ಬಾಣದ ಮೇಲೆ ಹಸಿರು ಅಂಟು, ಹೊಟ್ಟೆ ವಾಸನೆ ಬಂದರೆ ಎಂಟರಿಂದ ಹನ್ನೆರಡು ಗಂಟೆ. ಈ ಕಾಯುವುದು ತುಂಬ ಕಷ್ಟ. ಬೇಗ ಹೋದರೆ ಮಲಗಿದ್ದ ಪ್ರಾಣಿ ಎದ್ದು ಇನ್ನೊಂದು ಕಣಿವೆಗೆ ಹೋಗುತ್ತದೆ. ಆಮೇಲೆ ನಿಮಗೂ ಸಿಗುವುದಿಲ್ಲ.

ಹೊಸಬರು 40 ಗಜದಾಚೆ ಯೋಚನೆಯೇ ಮಾಡಬೇಡಿ. ನನ್ನ ಪ್ರಕಾರ 30.

ಬಿಲ್ಲಂಗಡಿ

30 ತೀರಾ ಕಡಿಮೆ ಆಯಿತು. ಬೇಸಿಗೆಯೆಲ್ಲ 60 ಗಜಕ್ಕೆ ಅಭ್ಯಾಸ ಮಾಡಿದವನಿಗೆ 40 ಕಷ್ಟವಲ್ಲ.

ಕಿಗ್ಗಟ್ಟುನಾಡು

ರೇಂಜಿನಲ್ಲಿ ಕಷ್ಟವಲ್ಲ. ಎದೆ ಹೊಡೆದುಕೊಳ್ಳುವಾಗ, ಕಾಲ ಕೆಳಗೆ ಕಲ್ಲು ಜಾರುವಾಗ? 30ಕ್ಕೇ ನಿಲ್ಲುತ್ತೇನೆ.

ಡಾ_ಉಸಿರು

ಎತ್ತರದ ವಿಷಯ ಯಾರೂ ಎತ್ತಲಿಲ್ಲ. 10,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 30% ಕಡಿಮೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಅರೋರಾದಲ್ಲಿರುವವರು ಮೈಲಿ ಎತ್ತರದಲ್ಲೇ ಇದ್ದೀರಿ, ಸ್ವಲ್ಪ ಒಗ್ಗಿರುತ್ತದೆ. ಡಲ್ಲಾಸ್‌ನಿಂದ ವಿಮಾನದಲ್ಲಿ ಬಂದು ಅವತ್ತೇ ಮೇಲೆ ಹತ್ತುವುದು ಬೇಡ. ಎರಡು ರಾತ್ರಿ ಡೆನ್ವರ್‌ನಲ್ಲಿ, ಒಂದು ರಾತ್ರಿ 8,000 ಅಡಿಯಲ್ಲಿ ಕಳೆದು ಹೋಗಿ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಅಲ್ಲೇ ನಿಲ್ಲಿ, ಇನ್ನೂ ಮೇಲೆ ಹೋಗಬೇಡಿ. ಆದರೆ ಕೂತಾಗಲೂ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ ತಕ್ಷಣ ಕೆಳಗೆ ಇಳಿಸಬೇಕು. ರಾತ್ರಿಯಾದರೂ ಸರಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಎತ್ತರದ ತೊಂದರೆಗೆ ಕೊಡುವ ಅಸಿಟಜೋಲಮೈಡ್ ಮಾತ್ರೆ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ.

ವ್ಯಾಯಾಮಕ್ಕೆ ಬರೀ ಓಟ ಸಾಲದು. ಚೀಲಕ್ಕೆ 10 ಕಿಲೋ ಹಾಕಿ ಮೆಟ್ಟಿಲು ಹತ್ತಿ, ಇಳಿಯಿರಿ. ವಾರವಾರಕ್ಕೆ ತೂಕ ಏರಿಸಿ, ಆಗಸ್ಟ್ ಹೊತ್ತಿಗೆ 25ಕ್ಕೆ ಬನ್ನಿ. ಇಳಿಯುವುದನ್ನು ಬಿಡಬೇಡಿ. ಹೊರೆ ಹೊತ್ತಾಗ ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ.

ತೀರ್ಥಹಳ್ಳಿ_ಟು_ಟೆಕ್ಸಾಸ್

ಡಲ್ಲಾಸ್‌ನಲ್ಲಿ ಬೆಟ್ಟ ಎಲ್ಲಿಂದ ತರಲಿ ಡಾಕ್ಟ್ರೇ? ಪಾರ್ಕಿಂಗ್ ಕಟ್ಟಡವೇ ಗತಿ.

ಡಾ_ಉಸಿರು

ಸಾಕು. ಅದೇ ಹತ್ತಿ.

ಮೊಂಟಾನಾ_ಮಲ್ನಾಡ್

ಜಾಗ ಕೇಳಿದ್ದೀರಿ. ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಊರಲ್ಲಿ ಅಣಬೆ ಏಳುವ ಜಾಗ ಯಾರಾದರೂ ಹೇಳುತ್ತಾರಾ? ವೈಟ್ ರಿವರ್, ಸ್ಯಾನ್ ವಾನ್, ರೌಟ್, ಗನ್ನಿಸನ್ ಎಲ್ಲ ರಾಷ್ಟ್ರೀಯ ಅರಣ್ಯಗಳು, ಸಾರ್ವಜನಿಕ ಜಾಗ. ಫ್ಲ್ಯಾಟ್ ಟಾಪ್ಸ್ ಕಡೆ ದೊಡ್ಡ ಹಿಂಡು ಇದೆ ಅಂತ ಎಲ್ಲರಿಗೂ ಗೊತ್ತು. ಹಾಗೇ ಜನವೂ ಇದ್ದಾರೆ.

ಹುಡುಕುವುದು ಹೇಗೆ ಅಂತ ಹೇಳಬಲ್ಲೆ. ಸೆಪ್ಟೆಂಬರ್‌ನಲ್ಲಿ ಎಲ್ಕ್‌ಗೆ ಬೇಕಾದದ್ದು ಹುಲ್ಲು, ನೀರು, ತಂಪು. ಹಗಲು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಫರ್ ಮರಗಳ ಕೆಳಗೆ ಮಲಗುತ್ತವೆ. ಇಳಿಜಾರಿನ ಮಧ್ಯೆ ಸಣ್ಣ ಸಮತಟ್ಟು ಇದ್ದರೆ ಇನ್ನೂ ಇಷ್ಟ. ಮ್ಯಾಪಿನಲ್ಲಿ ಅಂಥ ಜಾಗ ಗುರುತು ಮಾಡಿ, ಜುಲೈ, ಆಗಸ್ಟ್‌ನಲ್ಲಿ ಹೋಗಿ ನೋಡಿ. ಹೊರಳುಗುಂಡಿ ಹುಡುಕಿ. ಬೆದೆಗೆ ಬಂದ ಗಂಡು ಕೆಸರಲ್ಲಿ ಉಚ್ಚೆ ಹೊಯ್ದು ಹೊರಳುತ್ತದೆ. ಆ ಗಬ್ಬು ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಕೊಂಬು ಉಜ್ಜಿದ ಎಳೆ ಮರದಲ್ಲಿ ತೊಗಟೆ ಜೋತಾಡುತ್ತಿರುತ್ತದೆ. ಅಂಟು ಇನ್ನೂ ಹಸಿಯಾಗಿದ್ದರೆ ಅಲ್ಲೇ ನಿಧಾನ ಮಾಡಿ.

ಆಮೇಲೆ ಗಾಳಿ. ಎಲ್ಕ್ ಕಣ್ಣಿಗೆ ಮೋಸ ಮಾಡಬಹುದು, ಕಿವಿಗೂ ಮಾಡಬಹುದು. ಮೂಗಿಗೆ ಆಗುವುದಿಲ್ಲ. ಮುಂಜಾನೆ ತಣ್ಣನೆ ಗಾಳಿ ಬೆಟ್ಟದಿಂದ ಕೆಳಕ್ಕೆ ಹರಿಯುತ್ತದೆ. ಬಿಸಿಲು ಇಳಿಜಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ತಿರುಗಿ ಮೇಲಕ್ಕೆ ಹೊರಡುತ್ತದೆ. ಸಂಜೆ ನೆರಳು ಬಂದ ಮೇಲೆ ಮತ್ತೆ ಕೆಳಕ್ಕೆ. ಆದ್ದರಿಂದ ಬೆಳಿಗ್ಗೆ ಕೆಳಗಿನಿಂದ ಹೋಗಿ. ತಿರುಗುವ ಆ ಹೊತ್ತಿನಲ್ಲಿ ಎಲ್ಲೂ ಹೋಗಬೇಡಿ, ಕೂತು ತಿಂಡಿ ತಿನ್ನಿ.

ಗಾಳಿ ನೋಡಲು ಪೌಡರ್ ಬಾಟಲಿ ಮಾರುತ್ತಾರೆ. ನನಗೆ ಮಿಲ್ಕ್‌ವೀಡ್ ಅರಳೆ ಇಷ್ಟ. ನಮ್ಮ ಎಕ್ಕದ ಕುಟುಂಬದ್ದೇ ಗಿಡ, ಕಾಲುವೆ ದಡದಲ್ಲಿ ಬೆಳೆಯುತ್ತದೆ. ಒಂದು ಎಳೆ ಬಿಟ್ಟರೆ ಐವತ್ತು ಗಜದವರೆಗೂ ಕಣ್ಣಿಗೆ ಕಾಣುತ್ತದೆ. ಮುಂದೆ ಹೋಗಿ ಎಡಕ್ಕೆ ತಿರುಗಿತು, ಹಳ್ಳದ ಮೇಲೆ ಸುತ್ತಿತು, ವಾಪಸ್ ನಿಮ್ಮ ಕಡೆಗೇ ಬಂತು ಅಂತೆಲ್ಲ ಗೊತ್ತಾಗುತ್ತದೆ. ಪೌಡರ್ ಮೂರು ಅಡಿಗೆ ಮಾಯ.

ಹೊಸಬಿಲ್ಲು

ಬ್ಯೂಗಲ್ ಊದುವುದು, ಅಂದರೆ ಗಂಡು ಎಲ್ಕ್‌ನ ಹಾಗೆ ಕೂಗುವುದು, ಕಲಿಯಲೇಬೇಕಾ? ಮನೆಯಲ್ಲಿ ಪ್ರಯತ್ನ ಮಾಡಿದೆ. ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಿದರು.

ಮೊಂಟಾನಾ_ಮಲ್ನಾಡ್

ಹೆಣ್ಣಿನ ಮ್ಯೂ ಕೂಗು ಒಂದು ಕಲಿಯಿರಿ, ಸಾಕು. ನಡೆಯುತ್ತಿರುವ ಗಂಡನ್ನು ನಿಲ್ಲಿಸಲು ಅದೇ ಬೇಕು. ಬ್ಯೂಗಲ್ ಊದಿ ಊದಿ ಜನ ಹಿಂಡನ್ನೇ ಓಡಿಸುತ್ತಾರೆ. ಕೇಳುವುದು ಕಲಿಯಬೇಕಾದರೆ ಸೆಪ್ಟೆಂಬರ್ ಮಧ್ಯದ ಸಂಜೆ ಎಸ್ಟೆಸ್ ಪಾರ್ಕಿಗೆ ಹೋಗಿ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲೇ ಇದೆ. ಉದ್ಯಾನದಲ್ಲಿ ಬೇಟೆ ಇಲ್ಲ, ಆದರೆ ರಸ್ತೆ ಬದಿಯಲ್ಲೇ ಕೂಗುತ್ತವೆ.

ಮೂಸ್ ಅನ್ನುವ ಇನ್ನೊಂದು ದೊಡ್ಡ ಜಿಂಕೆ ಬಗ್ಗೆ ಹುಷಾರು. 1978ರಲ್ಲಿ ಕೊಲೊರಾಡೊಗೆ ತಂದು ಬಿಟ್ಟ ಮೇಲೆ ಚೆನ್ನಾಗಿ ಹಬ್ಬಿದೆ. ಎಲ್ಕ್ ಅಂತ ತಿಳಿದು ಮೂಸ್ ಹೊಡೆಯುವವರು ಈಗಲೂ ಇದ್ದಾರೆ. ಎಲ್ಕ್‌ನ ಹಿಂಭಾಗ ಕೆನೆ ಬಣ್ಣ, ಕುತ್ತಿಗೆ ಕಡು ಕಂದು. ಮೂಸ್ ಪೂರ್ತಿ ಕಪ್ಪು, ಮೂಗು ಊದಿಕೊಂಡಂತೆ. ಅನುಮಾನ ಬಂದರೆ ಬಿಲ್ಲು ಇಳಿಸಿ.

ಕಿಗ್ಗಟ್ಟುನಾಡು

ಸೀಸನ್ ಸೆಪ್ಟೆಂಬರ್ 2ಕ್ಕೆ ಶುರು, 30ಕ್ಕೆ ಕೊನೆ. ಶುರುವಾದ ಮಾರನೇ ದಿನ, 3ಕ್ಕೆ, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಕೊಡಗಿನಲ್ಲಿ ಕೋವಿಗೆ ತೋಕ್ ಪೂ ಮುಡಿಸುವ ಹೊತ್ತಿಗೆ ನಾನು ಇಲ್ಲಿ ಬಿಲ್ಲಿಗೆ ಕೈ ಮುಗಿದು ಹೊರಡುತ್ತೇನೆ. ಆದರೆ ಹೊಸಬರಿಗೆ ಮೊದಲ ವಾರ ಬೇಡ. ಬಿಸಿಲು ಜಾಸ್ತಿ, ಗಂಡುಗಳು ಅಷ್ಟಾಗಿ ಕೂಗುವುದಿಲ್ಲ, ಮಾಂಸವೂ ಬೇಗ ಕೆಡುತ್ತದೆ. 15ರ ನಂತರ ಹೋಗಿ. ಮಧ್ಯದಲ್ಲಿ ಮಜಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದು ತುಂಬುವ) ಬಂದೂಕಿನವರ ಸೀಸನ್ ಕೂಡ ಬರುತ್ತದೆ. ಬಿಲ್ಲಿನವರಿಗೆ ಕಿತ್ತಳೆ ಬಟ್ಟೆ ಕಡ್ಡಾಯವಲ್ಲ, ಆದರೂ ನಡೆದು ಹೋಗುವಾಗ ಒಂದು ಕಿತ್ತಳೆ ಟೋಪಿ ಹಾಕಿಕೊಳ್ಳಿ.

ಈಗ ಮಾಂಸ. ಬಿದ್ದ ತಕ್ಷಣ ಫೋಟೋ ಬೇಡ. ಮೊದಲು ಟ್ಯಾಗ್‌ಗೆ ಸಹಿ. ಆಮೇಲೆ ಚರ್ಮ. ಎಲ್ಕ್ ಚರ್ಮ ದಪ್ಪ, ಸತ್ತ ಮೇಲೂ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಮೊದಲು ಕೆಡುವುದು ಹಿಂದೊಡೆಯ ಸಂದು, ಮೂಳೆಯ ಪಕ್ಕ. ಹೊರಗೆ ಕೈಗೆ ತಣ್ಣಗಿರುತ್ತದೆ, ಒಳಗೆ ಹುಳಿ ವಾಸನೆ ಹಿಡಿದಿರುತ್ತದೆ. ಮೂಳೆ ತನಕ ಸೀಳಿ ಬಿಡಿಸಿ. ಹೊಟ್ಟೆ ಬಗೆಯದೆ, ಒಂದು ಪಕ್ಕದ ಚರ್ಮ ಸುಲಿದು, ಮುಂಗಾಲು, ಹಿಂದೊಡೆ, ಬೆನ್ನಿನ ಮಾಂಸ ತೆಗೆದು, ಮಗುಚಿ ಇನ್ನೊಂದು ಪಕ್ಕ ಮಾಡುವ ವಿಧಾನ ಇದೆ. ಒಬ್ಬರೇ ಇದ್ದರೂ ಆಗುತ್ತದೆ. ಒಳಗಿನ ಎಳೆ ಮಾಂಸ ಕೊನೆಗೆ ಪಕ್ಕೆಯ ಹಿಂದಿನಿಂದ ಕೈ ಹಾಕಿ ತೆಗೆಯಿರಿ. ಇವಿಷ್ಟನ್ನೂ ತರಲೇಬೇಕು, ಬಿಟ್ಟು ಬಂದರೆ ಅಪರಾಧ. ಗಂಡೋ ಹೆಣ್ಣೋ ಅನ್ನುವ ಗುರುತೂ ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ನಾಚಿಕೆಪಟ್ಟು ಕತ್ತರಿಸಬೇಡಿ.

ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ, ಹಳ್ಳದ ಪಕ್ಕದ ಮರಕ್ಕೆ ನೇತು ಹಾಕಿ. ಗಾಳಿಯಾಡಬೇಕು. ಪ್ಲಾಸ್ಟಿಕ್ ಚೀಲ ಮುಟ್ಟಬೇಡಿ. ಕರಡಿ ಬರಬಹುದು. ಕೊಲೊರಾಡೊದಲ್ಲಿರುವುದು ಕಪ್ಪು ಕರಡಿ ಮಾತ್ರ. ಎರಡನೇ ಹೊರೆಗೆ ವಾಪಸ್ ಬರುವಾಗ ದೂರದಿಂದಲೇ ಜೋರಾಗಿ ಮಾತಾಡುತ್ತಾ ಬನ್ನಿ.

ಹೊಸಬಿಲ್ಲು

ಹಾಗಾದರೆ ಗೆರೆ ಎಳೆದೆ. ಕಾರಿನಿಂದ 3 ಕಿಲೋಮೀಟರ್, ಅದೂ ಹತ್ತುವ ದಾರಿಯಲ್ಲಿ ಹೊಡೆದು ಇಳಿದು ಬರುವ ಹಾಗೆ. ಕಣಿವೆಗೆ ಇಳಿದು ಹೊಡೆಯುವುದಿಲ್ಲ. ಸೆಪ್ಟೆಂಬರ್ 17ರಿಂದ ರಜೆ ಹಾಕಿದೆ. ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗೆ ತಗೊಳ್ಳುತ್ತೇನೆ. ಬೇರೇನಾದರೂ?

ಡಾ_ಉಸಿರು

ನೀರಿನ ಫಿಲ್ಟರ್. ತೊರೆ ಎಷ್ಟೇ ತಿಳಿಯಾಗಿದ್ದರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಪರೋಪಜೀವಿ ಇರಬಹುದು. ಮಧ್ಯಾಹ್ನ ಗುಡುಗು ಕೇಳಿದರೆ ಬೋಳು ದಿಬ್ಬದಿಂದ ಇಳಿದುಬಿಡಿ. ಹಿಮ ಬೀಳುವ ತಿಂಗಳೂ ಹೌದು, ಹತ್ತಿ ಬಟ್ಟೆ ಬೇಡ, ಉಣ್ಣೆ ಇರಲಿ.

ತೀರ್ಥಹಳ್ಳಿ_ಟು_ಟೆಕ್ಸಾಸ್

ಹೊರುವವನಿಗೆ ಪಾಲು ಎಷ್ಟು? ಡಲ್ಲಾಸ್‌ಗೆ ಒಂದು ತೊಡೆ ಮೂಳೆ ಸಮೇತ ತಗೊಂಡು ಹೋಗುವ ಯೋಚನೆ. ಪಾಯಾ ಮಾಡಬೇಕು.

ಕಿಗ್ಗಟ್ಟುನಾಡು

ಮೂಳೆ ಬೇಡ. ಜಿಂಕೆ ಜಾತಿಗೆ ಸಿ.ಡಬ್ಲ್ಯು.ಡಿ. ಅನ್ನುವ ಮೆದುಳಿನ ರೋಗ ಇದೆ. 1967ರಲ್ಲಿ ಮೊದಲು ಗಮನಕ್ಕೆ ಬಂದದ್ದು ಇದೇ ಕೊಲೊರಾಡೊದಲ್ಲಿ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಆದರೂ ರೋಗ ಇದೆ ಅಂತ ಗೊತ್ತಾದ ಪ್ರಾಣಿಯನ್ನು ತಿನ್ನಬಾರದು ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ತಲೆ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ಫ್ರೀಜರಿನಲ್ಲಿಡಿ. ತಲೆ, ಬೆನ್ನುಹುರಿ ರಾಜ್ಯದ ಗಡಿ ದಾಟಿಸಲು ಬೇರೆ ಬೇರೆ ನಿಯಮಗಳಿವೆ. ಮೂಳೆ ಬಿಡಿಸಿದ ಮಾಂಸಕ್ಕೆ ತಕರಾರಿಲ್ಲ.

ಪಾಯಾ ಆಸೆ ಬಿಡಿ. ಅರೋರಾದಲ್ಲೇ ಪಂದಿಕರಿ ಮಸಾಲೆ ಹಾಕಿ ಎಲ್ಕ್ ಮಾಡೋಣ, ಪರೀಕ್ಷೆಯ ಉತ್ತರ ಬಂದ ಮೇಲೆ. ಕಾಚಂಪುಳಿ ನನ್ನ ಹತ್ತಿರ ಇದೆ. ಎಲ್ಕ್‌ನಲ್ಲಿ ಕೊಬ್ಬು ಕಡಿಮೆ, ಅದಕ್ಕೆ ಎಣ್ಣೆ ಸ್ವಲ್ಪ ಜಾಸ್ತಿ ಬೇಕು.

ತೀರ್ಥಹಳ್ಳಿ_ಟು_ಟೆಕ್ಸಾಸ್

ಸರಿ. ಹಾಗಿದ್ದರೆ ವಿಮಾನ ಬೇಡ, ಕಾರಲ್ಲೇ ಬರುತ್ತೇನೆ. ದೊಡ್ಡ ಕೂಲರ್ ಎರಡು ನನ್ನವು, ಐಸ್ ಖರ್ಚು ಹೊಸಬಿಲ್ಲಿನವರದು.

ಹೊಸಬಿಲ್ಲು

ಒಪ್ಪಿದೆ. ಎರಡು ದಿನ ಮುಂಚೆ ಬಾ, ಡಾಕ್ಟ್ರು ಹೇಳಿದ್ದು ನೆನಪಿದೆಯಲ್ಲ.